ಒಂದೇ ಬೆರಳಿನ ಜೋಡಿ ಸ್ವರ

ಚಾಮರಾಜನಗರದ ರಂಜಿನಿಗೂ ಅವಳ ಅಣ್ಣ ಗುರುಸ್ವಾಮಿಗೂ ಮಾತು ನಿಂತದ್ದು ಒಂದು ಹಾರದ ದೆಸೆಯಿಂದ. ಇಬ್ಬರೂ ಒಂದೇ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು. ಹಾಡಿನ ನಡುವೆ ಗಾಯಕ ಸುಮ್ಮನಾದಾಗ ಇವರ ಸೋಲೊ. ಅವಳದು ಮೇಲಿನ ಸ್ವರ, ಅವನದು ಕೆಳಗಿನದು. ಎರಡೂ ಹೆಗಲು ಕೊಟ್ಟ ಜೋಡೆತ್ತಿನಂತೆ ಒಟ್ಟಿಗೇ ಸಾಗುತ್ತಿದ್ದವು.

೨೦೦೪ರ ಬೇಸಿಗೆಯಲ್ಲಿ ಹಂಗಳದ ಒಂದು ಮದುವೆಯಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ವೇದಿಕೆ ಹತ್ತಿ ಬಂದರು. ರಂಜಿನಿಯ ಕೊರಳಿಗೆ ಮಾತ್ರ ಹಾರ ಹಾಕಿ, ಅವಳ ಗಿಟಾರಿನ ಚೀಲವನ್ನು ಗುರುಸ್ವಾಮಿಯ ಕೈಗಿತ್ತು, "ಇದ ವಸಿ ಇಡ್ಕಳಪ್ಪ, ಕೂಸು ಆರಾಮಾಗಿ ನಿಂತ್ಕಳ್ಳಿ" ಅಂದರು. ಸಭೆ ಗೊಳ್ಳೆಂದಿತು. ರಂಜಿನಿಯೂ ನಕ್ಕುಬಿಟ್ಟಳು.

ಮರುವಾರವೇ ಗುರುಸ್ವಾಮಿ ಗುಂಡ್ಲುಪೇಟೆಯ ಇನ್ನೊಂದು ಆರ್ಕೆಸ್ಟ್ರಾ ಪಾರ್ಟಿ ಸೇರಿದ. ಮನೆಯಲ್ಲಿ ಉಪ್ಪು ಬೇಕಾದರೂ ತಾಯಿ ಸಣ್ಣಮ್ಮನ ಮೂಲಕವೇ ತಂಗಿಯನ್ನು ಕೇಳುತ್ತಿದ್ದ.

ಅಷ್ಟರಲ್ಲಿ ತೆರಕಣಾಂಬಿಯ ಮದುವೆಯೊಂದು ಬಂತು. ಗಂಡಿನ ಗೆಳೆಯರಿಗೆ ಕುಣಿಯಲು ಆ ರಾಕ್ ಅಂಡ್ ರೋಲ್ ತುಣುಕೇ ಬೇಕಂತೆ, ಅಣ್ಣ-ತಂಗಿಯ ಜೋಡಿ ಸೋಲೊ ಇದ್ದದ್ದು. ಆರ್ಕೆಸ್ಟ್ರಾದ ಯಜಮಾನ ಶಾಂತಮಲ್ಲಪ್ಪ ತಲೆ ಕೆರೆದುಕೊಂಡರು. "ಅದ ಕೈಬುಡನ ಕಣಮ್ಮಿ. ಒಂಟಿ ಗಿಟಾರಲ್ಲಿ ಸಪ್ಪೆ ಆಯ್ತದೆ."

"ಬ್ಯಾಡ, ನಾನೇ ನೋಡ್ಕತೀನಿ" ಅಂದಳು ರಂಜಿನಿ. ಹೇಗೆಂದು ಅವಳಿಗೂ ಗೊತ್ತಿರಲಿಲ್ಲ.

ಅವಳ ಹತ್ತಿರ ಅಮೆರಿಕದ ಬ್ಲೂಸ್ ಸಂಗೀತದ ಒಂದು ಕ್ಯಾಸೆಟ್ಟಿತ್ತು. ಅದರಲ್ಲಿ ಗಿಟಾರ್ ಒಂದೇ, ಕೇಳಿಸುವುದು ಮಾತ್ರ ಇಬ್ಬರು ಮಾತಾಡಿದ ಹಾಗೆ. ಟೇಪನ್ನು ಹಿಂದೆ ಸುತ್ತಿ ಸುತ್ತಿ ಕೇಳಿದಳು. ಕೊನೆಗೆ ತೋರುಬೆರಳನ್ನು ಅಡ್ಡಲಾಗಿ ಎರಡು ತಂತಿಗಳ ಮೇಲೆ ಮಲಗಿಸಿ, ಎರಡನ್ನೂ ಒಟ್ಟಿಗೆ ಮೀಟಿದಳು. ಮೊದಮೊದಲು ತಗಡು ಬಡಿದಂತಾಯಿತು. "ಅದೇನಮ್ಮಿ, ಕಾಗೆ ಓಡಿಸ್ತಿದ್ದೀಯಾ?" ಎಂದು ಸಣ್ಣಮ್ಮ ಒಳಗಿಂದ ಕೂಗಿದಳು. ಮಲಗಿಸಿದ ಬೆರಳಿನ ಒಳಮೈ ಗಟ್ಟಿಯಾದಂತೆ ಸ್ವರಗಳೂ ಹದಕ್ಕೆ ಬಂದವು. ಒಂದು ತಂತಿಯನ್ನು ಹಾಗೇ ಒತ್ತಿ ಹಿಡಿದು ಪಕ್ಕದ್ದನ್ನು ಮೆಲ್ಲಗೆ ಮೇಲಕ್ಕೆ ಎಳೆದಾಗ ಎರಡೂ ಒಂದನ್ನೊಂದು ಉಜ್ಜಿಕೊಂಡು ನರಳಿ, ಆಮೇಲೆ ಕೂಡಿಕೊಂಡವು. ಹೀಗೆ ಎರಡು ತಂತಿ ಒಟ್ಟಿಗೆ ನುಡಿಸುವುದಕ್ಕೆ ಡಬಲ್ ಸ್ಟಾಪ್ ಅನ್ನುತ್ತಾರೆಂದು ಹೇಳಿದವರು ಶಾಂತಮಲ್ಲಪ್ಪ. ಹೆಸರು ಗೊತ್ತಿತ್ತಂತೆ, ನುಡಿಸಲು ಬರುತ್ತಿರಲಿಲ್ಲವಂತೆ.

ಮದುವೆಯ ದಿನ ಧಾರೆ ಮುಗಿದು ಊಟದ ಪಂಕ್ತಿ ಕೂತಿತ್ತು. ತುಣುಕು ಶುರುವಾಯಿತು, ಹುಡುಗರು ಕುಣಿದರು, ಸೋಲೊ ಬಂತು. ರಂಜಿನಿ ಬೆರಳು ಮಲಗಿಸಿದಳು. ಎರಡೆರಡು ಸ್ವರಗಳು ಟಕಟಕನೆ ಓಡಿದವು. ಆಗಲೇ ಊಟದ ಚಪ್ಪರದಿಂದ ಯಾರೋ ಎಂಜಲು ಕೈಯನ್ನು ಮೇಲೆತ್ತಿಕೊಂಡು ಧಾವಿಸಿ ಬರುವುದು ಕಾಣಿಸಿತು. ಗುರುಸ್ವಾಮಿ! ಮದುಮಗ ಅವನ ಶಾಲೆಯ ಗೆಳೆಯನೆಂಬುದು ಅವಳಿಗೆ ಮರೆತೇ ಹೋಗಿತ್ತು.

ಅವನು ವೇದಿಕೆಯ ಹಿಂದಿನ ಪರದೆ ಎತ್ತಿ ನೋಡಿದ. ಸ್ಪೀಕರಿನ ಮರೆಯಲ್ಲಿ ಇಣುಕಿದ. ಡ್ರಮ್ಮಿನವನ ಬೆನ್ನ ಹಿಂದೆಯೂ ಬಗ್ಗಿದ. ರಂಜಿನಿಗೆ ನಗು ತಡೆಯಲಾಗದೆ ಎರಡು ಸ್ವರ ಜಾರಿಯೇ ಹೋದವು.

ತುಣುಕು ಮುಗಿದದ್ದೇ ತಡ, ಅವನು ಅವಳೆದುರು ಬಂದು ನಿಂತ. "ಯಾವನಮ್ಮಿ ಅವ್ನು? ನನ್ ಜಾಗಕ್ಕೆ ಯಾವನ್ನ ಕರ್ಕಬಂದಿದ್ದೀಯ?"

ಅಣ್ಣ ನೇರವಾಗಿ ಮಾತಾಡಿ ಎಷ್ಟು ಕಾಲವಾಗಿತ್ತು! ರಂಜಿನಿ ತೋರುಬೆರಳನ್ನು ಅವನ ಮೂಗಿನ ಮುಂದೆ ಹಿಡಿದಳು. "ಇವ್ನೇ ಕಣಣ್ಣ."

"ತಮಾಸೆ ಮಾಡ್ಬ್ಯಾಡ."

ಅವಳು ಮತ್ತೊಮ್ಮೆ ನುಡಿಸಿ ತೋರಿಸಿದಳು. ಗುರುಸ್ವಾಮಿ ಅವಳ ಬೆರಳನ್ನೇ ದಿಟ್ಟಿಸುತ್ತ ನಿಂತ. ಅವನ ಕೈಯ ಅನ್ನ ಒಣಗುತ್ತಿತ್ತು.

"ನೀನಿದ್ದಾಗ ಇದು ಬೇಕಿರ್ನಿಲ್ಲ" ಅಂದಳು ಅವಳು. "ಅವತ್ತು ನಗಬಾರ್ದಾಗಿತ್ತು ಕಣಣ್ಣ."

"ಅದ ಬುಡು ಅತ್ಲಾಗೆ. ಮೊದ್ಲು ಇದ ಕಲಿಸು" ಅಂದ ಅವನು. ಕೈ ತೊಳೆಯಲು ಹೋದವನು ಓಡುತ್ತಲೇ ವಾಪಸಾದ.

ಅವನು ಹಳೆಯ ಪಾರ್ಟಿಗೆ ಮರಳಲಿಲ್ಲ; ಗುಂಡ್ಲುಪೇಟೆಯ ಪಾರ್ಟಿಯಲ್ಲಿ ಒಪ್ಪಿಕೊಂಡ ಮದುವೆಗಳಿದ್ದವು. ಆದರೆ ಅಂದು ಸಂಜೆ ಚಾಮರಾಜನಗರದ ಬಸ್ಸಿನಲ್ಲಿ ಅಣ್ಣ-ತಂಗಿ ಒಂದೇ ಸೀಟಿನಲ್ಲಿ ಕೂತಿದ್ದರು. ಅವಳ ಗಿಟಾರ್ ಅವನ ತೊಡೆಯ ಮೇಲಿತ್ತು. ಸ್ಪೀಕರಿಗೆ ಸಿಕ್ಕಿಸದ ಎಲೆಕ್ಟ್ರಿಕ್ ಗಿಟಾರ್, ಮೇಲೆ ಇಂಜಿನ್ನಿನ ಗದ್ದಲ, ಏನೂ ಕೇಳಿಸುತ್ತಿರಲಿಲ್ಲ. ರಂಜಿನಿ ಬಾಗಿ ಗಿಟಾರಿನ ಮರಕ್ಕೆ ಕಿವಿಯಿಟ್ಟು, "ಊಹೂಂ", "ವಸಿ ಗಟ್ಟಿಯಾಗಿ ಒತ್ತು", "ಊಹೂಂ" ಅನ್ನುತ್ತಿದ್ದಳು.

ಉಡಿಗಾಲ ದಾಟುವಾಗ ಅವಳು ಥಟ್ಟನೆ ತಲೆಯೆತ್ತಿದಳು.

"ಬಂತು ಕಣಣ್ಣ, ಎರಡೂ ಬಂತು!"