ಜಯಮ್ಮನ ಮೊಮ್ಮಗಳು ದುಂಡಗಾದದ್ದು

ರಾಗಿ ಸಿಗದ ಊರಿನಲ್ಲಿ ಮುದ್ದೆ ಉಣ್ಣುವವರ ಪಾಡು ಕೇಳಬೇಡಿ. ತುಮಕೂರಿನ ಕಡೆಯ ಜಯಮ್ಮ ಮಗನ ಸಂಸಾರದ ಜೊತೆ ಕೊಚ್ಚಿಗೆ ಬಂದಾಗ ಎದುರಾದ ಮೊದಲ ಕಷ್ಟವೇ ಅದು. ಪಾಲಾರಿವಟ್ಟಂನ ಅಂಗಡಿಯಲ್ಲಿ ರಾಗಿ ಕೇಳಿದರೆ ಔಷಧಿಯ ಹಾಗೆ ಅಂಗೈಯಷ್ಟು ಕಟ್ಟಿಕೊಡುತ್ತಿದ್ದರು. ಎಪ್ಪತ್ತಮೂರನೇ ಇಸವಿ, ರೇಷನ್ ಅಕ್ಕಿ ವಾರದ ನಡುವೆಯೇ ಮುಗಿಯುವ ಕಾಲ. ಅಗ್ಗಕ್ಕೆ ಸಿಗುತ್ತಿದ್ದದ್ದು ಮರಗೆಣಸು ಒಂದೇ. ಅಲ್ಲಿಯವರ ಮಾತಿನಲ್ಲಿ ಕಪ್ಪ.

ಜಯಮ್ಮ ಸುಲಭಕ್ಕೆ ಸೋಲುವ ಹೆಂಗಸಲ್ಲ. ಮರಗೆಣಸು ಹೆಚ್ಚಿ, ಒಣಗಿಸಿ, ಹಿಟ್ಟು ಮಾಡಿ ಮುದ್ದೆ ಕಟ್ಟಿದಳು. ಮೊಲೆ ಬಿಟ್ಟ ಮೊಮ್ಮಗಳು ನಿರ್ಮಲಳಿಗೂ ಅದರದ್ದೇ ಸರಿ ಕಾಯಿಸಿ ತಿನ್ನಿಸಿದಳು. ಊರಲ್ಲಿ ರಾಗಿ ಸರಿ ತಿಂದ ಮಕ್ಕಳು ಗಟ್ಟಿಮುಟ್ಟಾಗಿ ಬೆಳೆದಿರಲಿಲ್ಲವೇ? ಅದೂ ಹಿಟ್ಟು, ಇದೂ ಹಿಟ್ಟು. ಸ್ವಲ್ಪ ದಿನಕ್ಕೆ ಮಗುವಿನ ಕೆನ್ನೆ ಉಬ್ಬಿತು, ಕಾಲು ದಪ್ಪವಾಯಿತು. ಜಯಮ್ಮ ಬೀಗಿಹೋದಳು.

ಮಗ ವೀರಭದ್ರ ಒಂದು ಸೆಂಟ್ರಲ್ ಆಫೀಸಿನಲ್ಲಿ ದಿನಗೂಲಿ ಜವಾನ. ಊರಲ್ಲಿ ಮಾತ್ರ ಜಯಮ್ಮ "ಸೆಂಟ್ರಲ್ ಗೌರ್ಮೆಂಟು" ಎಂದಷ್ಟೇ ಹೇಳಿ ಉಳಿದದ್ದನ್ನು ನುಂಗಿಕೊಂಡಿದ್ದಳು. ಅವಳಿಗಿದ್ದ ಭಯ ಒಂದೇ, ಮುಂದಿನ ರಸ್ತೆಯ ಇಂದುಮತಿ. ಬ್ಯಾಂಕ್ ಅಧಿಕಾರಿಯ ಹೆಂಡತಿ, ಜಯಮ್ಮನ ಊರಿನವಳೇ, ಬೇಸಿಗೆ ರಜೆಗೆ ತಪ್ಪದೆ ಊರಿಗೆ ಹೋಗುವವಳು.

ಕೇರಿಯ ತುದಿಯಲ್ಲಿ ಸರ್ಕಾರ ಪೌಷ್ಟಿಕ ಆಹಾರ ಕೇಂದ್ರ ತೆರೆದಿತ್ತು. ಬಡ ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ, ಚಿಕ್ಕ ಮಕ್ಕಳಿಗೆ ಅಲ್ಲಿ ಮೆಕ್ಕೆಜೋಳ, ಸೋಯಾ, ಹಾಲಿನ ಪುಡಿ ಬೆರೆಸಿದ ಗಂಜಿ, ಇಲ್ಲವೇ ಗೋಧಿ ಉಪ್ಪಿಟ್ಟು. ಕಾಸು ಕೊಡಬೇಕಿಲ್ಲ. ಅಲ್ಲಿನ ಸೇವಿಕೆ ವಿನೋದಾ ಕಾಸರಗೋಡಿನವಳು. ಜಯಮ್ಮನ ಮನೆಯೊಳಗೆ ಕನ್ನಡ ಕೇಳಿ ಒಂದು ಬೆಳಿಗ್ಗೆ ಬಾಗಿಲಿಗೆ ಬಂದಳು.

"ಅಮ್ಮ, ಕೇಂದ್ರಕ್ಕೆ ಯಾಕೆ ಬರುದಿಲ್ಲ? ಮಗುವಿಗೆ ಗಂಜಿ ಉಂಟು. ನಿಮ್ಮ ಸೊಸೆ ಸರೋಜ ಬಸುರಿ ಅಲ್ವಾ, ಅವರಿಗೂ ಉಂಟು."

"ನಮಗ್ಯಾಕಮ್ಮ ಧರ್ಮದ ಊಟ? ನನ್ನ ಮಗ ಸೆಂಟ್ರಲ್ ಗೌರ್ಮೆಂಟು. ನೋಡು ಕೂಸ್ನ, ಹೆಂಗೆ ದುಂಡುದುಂಡಗೈತೆ!"

ವಿನೋದಾ ಮಗುವಿನ ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದಳು. ಗುಳಿ ಹಾಗೇ ಉಳಿಯಿತು. ಮಗುವಿನ ಕೂದಲು ಕೆಂಚಾಗಿತ್ತು. ಮುಟ್ಟಿದರೆ ಮಗು ಕಿರಿಕಿರಿ ಮಾಡುತ್ತಿತ್ತು.

"ಇದು ಮೈ ಬಂದದ್ದಲ್ಲ ಅಮ್ಮ, ಬಾವು. ಮೈಯಲ್ಲಿ ನೀರು ನಿಂತಿದೆ. ಕಪ್ಪ ಹೊಟ್ಟೆ ತುಂಬಿಸ್ತದೆ ಅಷ್ಟೆ, ಮಗುವಿನ ಮೈ ಕಟ್ಟುದಿಲ್ಲ. ಬೇಳೆ, ಹಾಲು, ಅಂಥದ್ದು ಬೇಕು. ಇವತ್ತೇ ಆಸ್ಪತ್ರೆಗೆ ತೋರಿಸಿ. ದಿನಾ ಕೇಂದ್ರಕ್ಕೂ ಕರ್ಕೊಂಡು ಬನ್ನಿ."

"ಕೂಸಿಗೆ ನಿನ್ನ ಕಣ್ಣೇ ತಾಗ್ತದೆ. ನಡಿ, ನಡಿ."

ಅವಳು ಹೋದ ಮೇಲೆ ಸರೋಜ ಮೆಲ್ಲಗೆ ಕೇಳಿದಳು. "ಅತ್ತೆ, ಒಂದ್ಸಲ ಹೋಗ್ಬರ್ಲಾ? ಕೂಸು ನಗೋದೇ ಬಿಟ್ಟೈತೆ."

"ಬಟ್ಲು ಹಿಡ್ಕಂಡು ಸಾಲಲ್ಲಿ ನಿಂತ್ರೆ ಇಂದುಮತಿ ಕಣ್ಣಿಗೆ ಬೀಳಲ್ವೇನೆ? ಊರಿಗೆಲ್ಲ ಡಂಗುರ ಹೊಡೀತಾಳೆ."

"ಮನೆಗೆ ತಂದಾದ್ರೂ ತಿನ್ನಿಸ್ತೀನಿ."

ಆದರೆ ಮನೆಗೆ ಒಯ್ಯಲು ಕೊಡುತ್ತಿರಲಿಲ್ಲ. ಒಯ್ದರೆ ಮನೆಮಂದಿಗೆಲ್ಲ ಹಂಚಿ ಮಗುವಿಗೆ ತಳದ್ದಷ್ಟೇ ಉಳಿಯುತ್ತದೆಂದು ಅಲ್ಲೇ ಕೂತು ತಿನ್ನಬೇಕೆಂಬ ನಿಯಮ. ಸರೋಜ ಗಂಡನ ಮುಖ ನೋಡಿದಳು. "ಅವ್ವ ಹೇಳ್ದಂಗೆ ಮಾಡು" ಎಂದ ಆ ಮಹಾರಾಯ, ಬೀಡಿ ಹಚ್ಚಿಕೊಂಡು ಹೊರಗೆ ಹೋದ. ವಿನೋದಾ ಮತ್ತೆ ಬಂದಾಗ ಜಯಮ್ಮ ಒಳಗಿನಿಂದ ಚಿಲಕ ಹಾಕಿಕೊಂಡಳು.

ಕೇಳುವವರಿಗೆ ಜಯಮ್ಮನ ಮೇಲೆ ಸಿಟ್ಟು ಬರುತ್ತದೆ. ಬರಲಿ, ನನಗೂ ಬಂದಿದೆ. ಆದರೆ ಅವಳಿಗೆ ಮೊಮ್ಮಗಳ ಮೇಲೆ ಪ್ರೀತಿ ಇರಲಿಲ್ಲ ಎನ್ನಬೇಡಿ. ತನ್ನ ಬಾಯಿಯ ತುತ್ತನ್ನೂ ಆ ಕೂಸಿಗೇ ಇಡುತ್ತಿದ್ದಳು. ಆ ತುತ್ತಿನಲ್ಲೇ ಸತ್ವವಿರಲಿಲ್ಲ.

ಮಳೆಗಾಲ ಹಿಡಿಯಿತು. ಕೇರಿಯ ಮಕ್ಕಳಿಗೆಲ್ಲ ಭೇದಿ ಶುರುವಾಯಿತು. ಕೇಂದ್ರದ ಗಂಜಿ ಉಣ್ಣುತ್ತಿದ್ದ ಪಕ್ಕದ ಮನೆಯ ಮಗು ಸೊರಗಿದರೂ ಎದ್ದು ಕೂತಿತು. ನಿರ್ಮಲಳಿಗೆ ತಡೆದುಕೊಳ್ಳುವ ತ್ರಾಣ ಇರಲಿಲ್ಲ. ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ಡಾಕ್ಟರು ಕಾಲು ಒತ್ತಿ ನೋಡಿ, "ಇಷ್ಟು ದಿನ ಏನು ಮಾಡ್ತಿದ್ದಿರಿ?" ಎಂದು ಗದರಿದರು. ಮಗು ಅಲ್ಲೇ ಹೋಯಿತು. ಭೇದಿಯಲ್ಲಿ ನೀರೆಲ್ಲ ಹೋಗಿ ಬಾವು ಇಳಿದಿದ್ದ ಅದರ ಮೈ ನೋಡಿದಾಗಲೇ ಜಯಮ್ಮನಿಗೆ ಗೊತ್ತಾದದ್ದು, ತಾನು ಹೆಮ್ಮೆಪಟ್ಟ ಆ ದುಂಡುತನದ ಕೆಳಗೆ ಬರೀ ಮೂಳೆ ಇತ್ತೆಂದು.

ಇಂದುಮತಿ ಮಾತನಾಡಿಸಲು ಬಂದಳು. ಸರೋಜಳ ಪಕ್ಕ ಕೂತು ಕಣ್ಣೊರೆಸಿಕೊಂಡಳು.

"ಜಯಮ್ಮನವರೇ, ಕೇಂದ್ರಕ್ಕಾದ್ರೂ ಕರ್ಕೊಂಡು ಹೋಗ್ಬಾರ್ದಿತ್ತಾ? ನಮ್ಮನೆ ಕೆಲಸದವಳ ಮಗೂನ ನಾನೇ ಅಲ್ಲಿಗೆ ಕಳಿಸ್ತೀನಿ. ನಿಮಗೂ ಹೇಳೋಣ ಅಂದ್ಕೊಂಡೆ, ಎಲ್ಲಿ ತಪ್ಪು ತಿಳ್ಕೋತೀರೋ ಅಂತ ಸುಮ್ಮನಾದೆ."

"ಊರಲ್ಲಿ ಗೊತ್ತಾದ್ರೆ ಮರ್ಯಾದೆ ಹೋಗ್ತದೆ ಅಂತ..." ಎಂದಳು ಜಯಮ್ಮ.

"ಏನು ಗೊತ್ತಾಗೋದು? ವೀರಭದ್ರಂದು ದಿನಗೂಲಿ ಅಂತ ಊರಿಗೆಲ್ಲ ಯಾವತ್ತೋ ಗೊತ್ತಲ್ಲ!"

ಜಯಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. ಯಾರಿಗೂ ಬೇಕಿಲ್ಲದ ಒಂದು ಗುಟ್ಟನ್ನು ಕಾಯಲು ಅವಳು ಮನೆಯ ಕೂಸನ್ನೇ ತೆತ್ತಿದ್ದಳು.

ಸೂತಕ ಕಳೆದ ಮರುದಿನ ಜಯಮ್ಮ ತಾನೇ ಬಸುರಿ ಸೊಸೆಯನ್ನು ಕೇಂದ್ರಕ್ಕೆ ಕರೆದೊಯ್ದಳು. ವೀರಭದ್ರನೂ ಹಿಂದೆಯೇ ಬಂದ. ವಿನೋದಾ ಗಂಜಿ ಬಡಿಸಿದಳು.

"ಇಲ್ಲೇ ಕೂತ್ಕಂಡು ಉಣ್ಣವ್ವ. ಯಾರಾನ ನೋಡ್ಲಿ" ಎಂದಳು ಜಯಮ್ಮ.

ಸರೋಜ ಉಂಡಳು. ಅತ್ತೆಯ ಕಡೆಗೂ ಗಂಡನ ಕಡೆಗೂ ತಿರುಗಿ ನೋಡಲಿಲ್ಲ. ಅವರಿಬ್ಬರ ಜೊತೆ ಅವಳು ಮಾತು ಬಿಟ್ಟಿದ್ದಳು.

ತಾಯಂದಿರೇ, ಅಜ್ಜಿಯರೇ, ಬೀಡಿ ಹಚ್ಚಿಕೊಂಡು ಹೊರಗೆ ಹೋಗುವ ಅಪ್ಪಂದಿರೇ, ಕೇಂದ್ರದ ಊಟ ಭಿಕ್ಷೆಯಲ್ಲ. ನೀವು ಕೊಳ್ಳುವ ಬೆಂಕಿಪೊಟ್ಟಣದ ಮೇಲೂ ಸರ್ಕಾರಕ್ಕೆ ಸುಂಕ ಹೋಗುತ್ತದೆ. ಅಲ್ಲಿ ಬೇಯುವುದು ನಿಮ್ಮದೇ ಪಾಲು. ಬಸುರಿಯನ್ನು ಕಳಿಸಿ, ಬಾಣಂತಿಯನ್ನು ಕಳಿಸಿ. ಮಗು ಊದಿಕೊಂಡರೆ ಹಿಗ್ಗಬೇಡಿ, ಆಸ್ಪತ್ರೆಗೆ ಓಡಿ. ಜನ ಏನೆಂದುಕೊಂಡಾರು ಎಂದು ನಿಮ್ಮಲ್ಲಿ ಯಾರಾದರೂ ಈಗಲೂ ಬಾಗಿಲು ಹಾಕಿಕೊಂಡು ಕೂತಿದ್ದರೆ, ಏಳಿ. ಗಂಜಿ ಆರುವ ಮುಂಚೆ ಮಗುವನ್ನು ಎತ್ತಿಕೊಂಡು ಹೋಗಿ.