ಹಂಸವೋ ಅಂಸವೋ

ನಾನೊಂದು ಪ್ರೆಷರ್ ಕುಕ್ಕರ್. ಅಸಲಿ ಕುಕ್ಕರ್. ಈ ಎರಡನೆಯ ಮಾತನ್ನು ನನ್ನ ಪರವಾಗಿ ಹೇಳುವವರು ಬಹಳ ಕಾಲ ಯಾರೂ ಇರಲಿಲ್ಲ. ಅದಕ್ಕೇ ನನ್ನ ಸ್ವಭಾವ ಸ್ವಲ್ಪ ಅನುಮಾನದ್ದು. ಯಾರಾದರೂ ಹತ್ತಿರ ಬಂದು ತಳ ತಟ್ಟಿ ನೋಡಿದರೆ ಈಗಲೂ ಮೈ ಉರಿಯುತ್ತದೆ.

ಹುಟ್ಟಿದ ದಿನವೇ ನನ್ನನ್ನು ಯಾರೂ ನಂಬಲಿಲ್ಲ. ಕಾರ್ಖಾನೆಯಲ್ಲಿ ಮೂರು ಪದರದ ತಗಡನ್ನು ಒತ್ತಿ ನನ್ನನ್ನು ಮಾಡಿದರು. ಒಳಗೆ ಸ್ಟೀಲು, ನಡುವೆ ಅಲ್ಯೂಮಿನಿಯಂ, ಹೊರಗೆ ಕರೆಂಟ್ ಒಲೆಗೂ ಒಗ್ಗಲಿ ಎಂದು ಅಯಸ್ಕಾಂತ ಹಿಡಿಯುವ ಇನ್ನೊಂದು ಬಗೆಯ ಸ್ಟೀಲು. ಮಾಡಿದವರೇ ಆಮೇಲೆ ನೀರು ತುಂಬಿಸಿ, ಗಾಳಿ ಒತ್ತಿ, ಎಲ್ಲಿ ಸೋರುತ್ತೇನೋ ಎಂದು ಕಾದರು. ಸೋರಲಿಲ್ಲ. ಮುಚ್ಚಳಕ್ಕೆ ಸೇಫ್ಟಿ ವಾಲ್ವ್ ಕೂರಿಸಿದರು. ಉಗಿ ಮಿತಿಮೀರಿದರೆ ಅದು ತಾನು ಕರಗಿ ದಾರಿ ಬಿಡುತ್ತದೆ, ಒಲೆಯ ಮುಂದೆ ನಿಂತವರ ಮುಖ ಉಳಿಯುತ್ತದೆ. ಕೊನೆಗೆ ಹೊಟ್ಟೆಯ ಮೇಲೆ ಒಂದು ಹಕ್ಕಿಯನ್ನೂ ಅದರ ಕೆಳಗೆ ಕನ್ನಡದಲ್ಲಿ 'ಹಂಸ' ಎಂಬ ಹೆಸರನ್ನೂ ಅಚ್ಚೊತ್ತಿದರು.

ಚನ್ನಪಟ್ಟಣದ ಪಾತ್ರೆ ಅಂಗಡಿಯಲ್ಲಿ ನನ್ನನ್ನು ಕೊಂಡವರು ಚನ್ನಾಜಮ್ಮ. ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕೆಲಸದಿಂದ ಅವರ ಬೆರಳ ತುದಿಗಳು ಬೆಳ್ಳಗಾಗಿದ್ದವು. ಮಗಳು ಪಂಕಜಳ ಮದುವೆಗೆ ಕೊಡಬೇಕಿತ್ತು. ಅಂಗಡಿಯವನು ಅಗ್ಗದ್ದನ್ನೂ ತೋರಿಸಿದ. ದಿನಾ ಇದರ ಮುಂದೆ ನಿಲ್ಲುವವಳು ನನ್ನ ಮಗಳು, ಗಟ್ಟಿಯಾದುದನ್ನೇ ಕೊಡಿ ಎಂದರು. ನಾನು ಬೀಗಿಬಿಟ್ಟೆ. ಅಷ್ಟು ಬೀಗಬಾರದಿತ್ತು.

ಪಂಕಜ ಸೊಸೆಯಾಗಿ ಹೋದದ್ದು ಮದ್ದೂರಿಗೆ. ಗಂಡ ನಂಜುಂಡ ಟೈಲರ್. ಅತ್ತೆ ಸಣ್ಣಮ್ಮ. ಅನುಮಾನದಲ್ಲಿ ನನ್ನನ್ನೂ ಮೀರಿಸಿದವರು ಯಾರಾದರೂ ಇದ್ದರೆ ಅದು ಈ ಸಣ್ಣಮ್ಮ. ಹಾಲಿಗೆ ಬೆರಳದ್ದಿ ನೋಡುವರು, ತರಕಾರಿಯವನ ತಕ್ಕಡಿಯ ಕೆಳಗೆ ಕೈಯಾಡಿಸುವರು, ಮೀಟರ್ ಓದಲು ಬಂದವನನ್ನು ನೀನು ನಿಜವಾಗಿ ಕರೆಂಟ್ ಆಫೀಸಿನವನೇ ಎಂದು ಕೇಳುವರು. ಇಳಿವಯಸ್ಸಿನಲ್ಲಿ ಬೀದಿಯ ವಯಸ್ಕರ ಶಾಲೆಗೆ ಹೋಗಿ ಅಕ್ಷರ ಕಲಿತಿದ್ದರು. ಅಂದಿನಿಂದ ಕಡಲೆಕಾಯಿ ಕಟ್ಟಿದ ಕಾಗದವನ್ನೂ ಕೂಡಿಸಿ ಓದದೆ ಬಿಸಾಡುತ್ತಿರಲಿಲ್ಲ.

ಸಣ್ಣಮ್ಮ ಮಂಡ್ಯಕ್ಕೆ ಕೊಟ್ಟಿದ್ದ ಮಗಳು ಕೋಮಲ ಕೂಡ ಅಣ್ಣನ ಮದುವೆಗೆಂದು ಒಂದು ಕುಕ್ಕರ್ ತಂದಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಟೆಂಪೊ ನಿಲ್ಲಿಸಿಕೊಂಡು ಆಫರ್ ಎಂದು ಕೂಗಿ ಮಾರುತ್ತಿದ್ದರಂತೆ. ಅವಳು ಒಳ್ಳೆಯ ಮನಸ್ಸಿನಿಂದಲೇ ತಂದದ್ದು, ಆ ಮಾತು ಬೇರೆ. ಅದನ್ನು ನನ್ನ ಪಕ್ಕ ಇಟ್ಟ ಕೂಡಲೇ ನನಗೆ ಅನುಮಾನ ಬಂತು. ನನ್ನದೇ ಆಕಾರ, ನನ್ನದೇ ಹಕ್ಕಿ, ಆದರೆ ಕೊಕ್ಕು ಮೊಂಡಾಗಿ ಬಾತುಕೋಳಿಯಂತಿತ್ತು. ಎತ್ತಿದರೆ ಹಗುರ. ಅಂಚು ಕೈ ಕೊಯ್ಯುವಷ್ಟು ಚೂಪು. ಮುಚ್ಚಳದ ರಬ್ಬರು ಹೊಸ ಚಪ್ಪಲಿಯ ವಾಸನೆ ಹೊಡೆಯುತ್ತಿತ್ತು. ಸೇಫ್ಟಿ ವಾಲ್ವ್ ಇರಬೇಕಾದ ಜಾಗದಲ್ಲಿ ನೋಡುವುದಕ್ಕೆಂದು ಒಂದು ಲೋಹದ ಗುಂಡಿ ಕೂರಿಸಿದ್ದರು. ಅದು ಯಾವ ಜನ್ಮಕ್ಕೂ ಕರಗುವಂಥದ್ದಲ್ಲ. ಹಕ್ಕಿಯ ಕೆಳಗೆ ಬರೆದಿದ್ದ ಹೆಸರು 'ಅಂಸ'.

ಒಂದೇ ಹಕ್ಕಿಯ ಎರಡು ಕುಕ್ಕರ್ ಕಂಡಮೇಲೆ ಸಣ್ಣಮ್ಮ ಬಿಡುತ್ತಾರೆಯೇ? ಒಂದು ಅಸಲಿ, ಒಂದು ನಕಲಿ ಎಂದು ವಿಚಾರಣೆಗೆ ಕೂತರು. ಮಗ ಉದುರಿದ ಸೂಜಿ ಹೆಕ್ಕಲು ಇಟ್ಟುಕೊಂಡಿದ್ದ ಅಯಸ್ಕಾಂತ ತಂದು ಹಿಡಿದರು. ಅದು ನನಗೆ ಪಟ್ಟನೆ ಅಂಟಿಕೊಂಡಿತು, ಇನ್ನೊಂದಕ್ಕೆ ಅಂಟಲಿಲ್ಲ. ನನ್ನನ್ನು ನೋಡಿ, ಕಬ್ಬಿಣ ಕೊಟ್ಟು ಸ್ಟೀಲು ಅಂದಿದ್ದಾರೆ ಎಂದು ತಲೆಯಾಡಿಸಿದರು. ಆಮೇಲೆ ಓದುವುದಕ್ಕೆ ತೊಡಗಿದರು. ಆ ಸೀಮೆಯಲ್ಲಿ ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ, ಹಾಸನವೇ ಆಸನವಾಗುತ್ತದೆ. ಹಂಸ ಕುಕ್ಕರನ್ನು ಅಂಸ ಅನ್ನದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ.

ಮಗಳು ತಂದದ್ದರ ಮೇಲೆ ಬೆರಳಿಟ್ಟು, "ಅಂ... ಸ. ಅಂಸ. ಸರ್ಯಾಗ್ ಬರ್ದವ್ರೆ," ಅಂದರು. ನನ್ನ ಕಡೆ ತಿರುಗಿ, "ಇದ್ರಾಗೆ ಅಂ ಅನ್ನೋ ಅಕ್ಸರನೇ ಇಲ್ಲ. ಎಸರು ಬರ್ಯಾಕೂ ಬರ್ದಿಲ್ಲ ಕಳ್ ನನ್ಮಕ್ಳಿಗೆ. ಡೂಪ್ಲಿಕೇಟು."

ನಂಜುಂಡ ನಕ್ಕು ಅಂಗಡಿಗೆ ಹೋದ. ಪಂಕಜ ಪಿಯುಸಿ ಓದಿದವಳು, ಅಲ್ಲೇ ನಿಂತಿದ್ದಳು. ತುಟಿ ಬಿಚ್ಚಲಿಲ್ಲ. ನನ್ನನ್ನು ಅಟ್ಟಕ್ಕೆ ಏರಿಸಿದರು. ಅತ್ತೆಗಿಂತ ಹೆಚ್ಚು ನನಗೆ ಕೋಪ ಬಂದದ್ದು ಈ ಹುಡುಗಿಯ ಮೇಲೆ. ತನ್ನ ತಾಯಿ ಕೊಟ್ಟದ್ದನ್ನು ನಕಲಿ ಎಂದರೂ ಸುಮ್ಮನಿರುತ್ತಾಳಲ್ಲ, ಇವಳಿಗೂ ಹಾಗೇ ಅನಿಸಿರಬೇಕು ಎಂದುಕೊಂಡೆ.

ಗೌರಿ ಹಬ್ಬದ ಬಾಗಿನ ಹಿಡಿದು ಚನ್ನಾಜಮ್ಮ ಬಂದರು. ಅಕ್ಕಪಕ್ಕದ ಹೆಂಗಸರು ಕೂತಿದ್ದಾಗಲೇ ಸಣ್ಣಮ್ಮ ನನ್ನನ್ನು ತೋರಿಸಿ ಡೂಪ್ಲಿಕೇಟು ಪುರಾಣ ಹೇಳಿದರು. ಎಲೆ ಹಾಕಿದ್ದರೂ ಚನ್ನಾಜಮ್ಮ ಊಟಕ್ಕೆ ಕೂರದೆ ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಆಮೇಲೆ ಬಹಳ ಕಾಲ ಆ ಮನೆಯ ಹೊಸಿಲು ತುಳಿಯಲಿಲ್ಲ. ಪಂಕಜ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆ ಹಚ್ಚಿದಳು.

ಅಟ್ಟದ ಮೇಲಿಂದ ನಾನು ಅವಳನ್ನು ಬಿಡದೆ ಗಮನಿಸುತ್ತಿದ್ದೆ. ಆ ಅಂಸ ಒಲೆಯ ಮೇಲಿದ್ದಷ್ಟು ಹೊತ್ತೂ ಅವಳು ಅಡುಗೆಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಅತ್ತೆ ಒಳಗೆ ಬಂದರೆ ಬಾಗಿಲಲ್ಲಿ ಯಾರೋ ಕರೆದಂತಾಯಿತು ಎಂದು ಸುಳ್ಳು ಹೇಳಿ ಹೊರಗೆ ಕಳಿಸುವಳು. ಕಳ್ಳಿ, ಮೈಗಳ್ಳಿ ಎಂದುಕೊಂಡೆ. ಅತ್ತೆ ಮನೆಯಲ್ಲಿಲ್ಲದಾಗ ನನ್ನನ್ನು ಇಳಿಸಿ, ತೊಳೆದು, ರಬ್ಬರಿಗೆ ಎಣ್ಣೆ ಸವರಿ ಮತ್ತೆ ಅದೇ ಜಾಗದಲ್ಲಿ ಇಡುವಳು. ಯಾರಿಗೋ ಮಾರುವ ಹುನ್ನಾರವಿರಬೇಕೆಂದು ಅದಕ್ಕೂ ಅನುಮಾನಪಟ್ಟೆ.

ಒಂದು ಬೆಳಿಗ್ಗೆ ಹುರುಳಿಕಾಳು ಬೇಯಲು ಇಟ್ಟಿದ್ದಳು. ಅಂಸ ಕೂಗಲೇ ಇಲ್ಲ. ಕಾಳಿನ ಸಿಪ್ಪೆ ಸಿಕ್ಕಿಕೊಂಡು ಉಗಿಯ ದಾರಿ ಕಟ್ಟಿತ್ತು. ಮುಚ್ಚಳ ಸಣ್ಣಗೆ ನಡುಗುವುದು ಮೇಲಿದ್ದ ನನಗೆ ಕಾಣುತ್ತಿತ್ತು. ನನಗೆ ಬಾಯಿದೆ, ಆದರೆ ಒಳಗೆ ನೀರಿಲ್ಲದೆ ನಾನು ಹೇಗೆ ಕೂಗಲಿ? ಅಷ್ಟರಲ್ಲಿ ಸಣ್ಣಮ್ಮ ಸೌಟು ಹಿಡಿದು ಅದರ ನೆತ್ತಿ ತಟ್ಟಲು ಬಂದರು. ಹಿತ್ತಲಲ್ಲಿದ್ದ ಪಂಕಜ ಓಡಿ ಬಂದು ಅತ್ತೆಯ ತೋಳು ಹಿಡಿದು ಎಳೆದಳು. ಇಬ್ಬರೂ ಹೊಸಿಲಾಚೆ ಬಿದ್ದರು. ಮರುಗಳಿಗೆಯೇ ಮುಚ್ಚಳ ಎದ್ದು ಸೂರಿಗೆ ಬಡಿದು, ನನ್ನ ಪಕ್ಕದ ಹಿತ್ತಾಳೆ ಚೊಂಬನ್ನು ಉರುಳಿಸಿ ಕೆಳಗೆ ಬಿತ್ತು. ಗೋಡೆಯ ತುಂಬ ಹುರುಳಿಕಾಳು.

ಸಣ್ಣಮ್ಮ ಮೊದಲು ಸೊಸೆಯ ಮುಖವನ್ನು ಎರಡು ಕೈಯಲ್ಲೂ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಪಂಕಜ ಎದ್ದು ಒಲೆ ಆರಿಸಿ, ನನ್ನನ್ನು ಇಳಿಸಿ, ಒಳಗೆ ನೀರು ಹುಯ್ದಳು.

"ಇದೇ ಅಸ್ಲಿ ಅಂತ ಮೊದ್ಲೇ ಗೊತ್ತಿತ್ತಾ ನಿಂಗೆ?" ಎಂದು ಅತ್ತೆ ಕೇಳಿದರು.

"ಗೊತ್ತಿತ್ತು ಅತ್ತೆ. ಕೋಮಲ ತಂದಿದ್ದು ನಕಲಿ ಅಂತ ಎಂಗೇಳ್ಲಿ? ನಮ್ಮವ್ವ ಬರಾದು ನಿಲ್ಸುದ್ಲು. ಅವ್ಳೂ ತವ್ರಿಗೆ ಬರಾದು ನಿಲ್ಸಿದ್ರೆ?"

"ಅದುಕ್ಕೆ ನಿನ್ ಪ್ರಾಣನೇ ಕೊಡಾಕ್ ವೊಂಟಿದ್ದಾ ಮಗ?" ಅಂದ ಸಣ್ಣಮ್ಮ ನೆಲದ ಮೇಲೆ ಕೂತೇ ಅತ್ತರು. ನಾಚಿಕೆಯಾದದ್ದು ಅವರಿಗೆ ಮಾತ್ರವಲ್ಲ.

ಮರುದಿನ ಅವರೇ ಚನ್ನಪಟ್ಟಣದ ಬಸ್ಸು ಹತ್ತಿ ಬೀಗಿತ್ತಿಯನ್ನು ಕರೆತಂದರು. ಅಂದು ನಾನು ಬೇಯಿಸಿದ ಅನ್ನವನ್ನು ಚನ್ನಾಜಮ್ಮನ ಎಲೆಗೆ ಬಡಿಸಿದವರು ಸಣ್ಣಮ್ಮ. ಚನ್ನಾಜಮ್ಮ ಎರಡನೆಯ ಸಲವೂ ಹಾಕಿಸಿಕೊಂಡರು. ಮುಂದೆ ತವರಿಗೆ ಬಂದ ಕೋಮಲ ತನ್ನ ಕುಕ್ಕರ್ ಎಲ್ಲಿ ಎಂದು ಕೇಳಿದಾಗ ಸಣ್ಣಮ್ಮ, ನಾನೇ ಒಲೆಯ ಮೇಲೆ ಮರೆತು ತಳ ಸೀಯಿಸಿ ಗುಜರಿಗೆ ಹಾಕಿದೆ ಎಂದುಬಿಟ್ಟರು. ಯಾರ ಮಾತನ್ನೂ ನಂಬದ ಹೆಂಗಸು ಇಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲರೆಂದು ನನಗೆ ಗೊತ್ತಿರಲಿಲ್ಲ.

ಈಗ ನನ್ನ ಹಿಡಿ ಸಡಿಲವಾಗಿದೆ. ಹಬ್ಬ ಹರಿದಿನಕ್ಕೆ ಮಾತ್ರ ಒಲೆ ಏರುತ್ತೇನೆ, ಉಳಿದಂತೆ ಮೂಲೆಯಲ್ಲಿರುತ್ತೇನೆ. ಸಣ್ಣಮ್ಮ ತೀರಿಕೊಂಡು ಬಹಳ ವರ್ಷವಾಯಿತು. ಕೋಮಲ ಮಾತ್ರ ಪ್ರತಿ ಗೌರಿಗೂ ತವರಿಗೆ ಬರುತ್ತಾಳೆ. ಈ ಸಲ ಊಟಕ್ಕೆ ಕೂತವಳು ನನ್ನನ್ನು ನೋಡಿ, "ನಾನ್ ತಂದಿದ್ದು ಇದುಕ್ಕಿಂತ ಗಟ್ಟಿ ಇತ್ತು ಅತ್ಗೆ. ಅವ್ವ ಸೀಯಿಸ್ದೆ ಇದ್ದಿದ್ರೆ ಇನ್ನೂ ಬಾಳ್ಕೆ ಬರಾದು," ಎಂದಳು.

"ಬರಾದು ಕಣ್ ಕೋಮಲ," ಎಂದು ಪಂಕಜ ನನ್ನೊಳಗಿಂದ ಇನ್ನೊಂದು ಸೌಟು ಅನ್ನ ತೆಗೆದು ಅವಳ ಎಲೆಗೆ ಬಡಿಸಿದಳು.