ಕಾಗದ ಕತ್ತರಿಸಿದ ಮಧ್ಯಾಹ್ನ

ನಾಟಕಶಾಲೆಯ ಪರದೆಗೆಂದು ತಂದ ಮಖಮಲ್ಲಿನಲ್ಲಿ ಎರಡು ಥಾನು ಆಗಲೇ ಹಾಳಾಗಿದ್ದವು. ಸರ್ವರ್ ಕಂಪ್ಯೂಟರಿನಿಂದ ಅಳತೆ ಪಡೆದು ಕತ್ತರಿಸುವ ಯಂತ್ರ ನಡುವೆ ನಿಂತುಬಿಡುತ್ತಿತ್ತು. ಮತ್ತೆ ಶುರುವಾದಾಗ ಅಲಗು ಬೆರಳಗಲ ಪಕ್ಕಕ್ಕೆ ಸರಿದಿರುತ್ತಿತ್ತು. ಉಳಿದದ್ದು ಒಂದೇ ಥಾನು. ಆ ಬಣ್ಣ ಇನ್ನೆಲ್ಲೂ ಸಿಗುವುದಿಲ್ಲ. ಇದೂ ಕೆಟ್ಟರೆ ಕಟಿಂಗ್ ಮಾಸ್ಟರನ್ನು ಮೇಜಿನಿಂದ ಎಬ್ಬಿಸಿ ಪ್ಯಾಕಿಂಗಿಗೆ ಕಳಿಸುತ್ತೇನೆಂದು ಮಾಲೀಕ ಎಲ್ಲರೆದುರೇ ಹೇಳಿದ್ದ. ಲಂಗ ತೊಡುವ ವಯಸ್ಸಿನಿಂದ ಕತ್ತರಿ ಹಿಡಿದ ಹೆಂಗಸು ಅವಳು. ತಪ್ಪು ತನ್ನದಲ್ಲವೆಂದು ಗೊತ್ತಿತ್ತು. ತೋರಿಸಿಕೊಡುವುದು ಹೇಗೆಂದು ಗೊತ್ತಿರಲಿಲ್ಲ.

ಕೊನೆಗೆ ನೆಟ್‌ವರ್ಕ್ ಕೆಲಸ ಮಾಡುವ ನಾದಿನಿಯನ್ನು ಕರೆಸಿದಳು. ಮನೆಯಲ್ಲಿ ತಲೆಯ ಮೇಲಿನ ಕನ್ನಡಕವನ್ನೇ ಮೂಲೆ ಮೂಲೆ ಹುಡುಕುವ ಹುಡುಗಿ. ಮಾಸ್ಟರಿಗೆ ಒಳಗೊಳಗೇ ಅಳುಕು.

"ಅತ್ತಿಗೆ, ಬಟ್ಟೆ ಬೇಡ, ಕಾಗದ ಹಾಸಿ," ಎಂದಳು ಬಂದವಳು. "ಮೊದಲು ಅದು ನನ್ನೆದುರಿಗೇ ಕೆಡಬೇಕು."

"ಕೆಡಿಸೋಕೆ ಬೇರೆ ಜನ ಕರೆಸಬೇಕಿತ್ತೇನಮ್ಮ?" ಮಾಲೀಕ ಗೊಣಗಿದ. ತಾನೇ ಹೋಗಿ ಸರ್ವರ್ ಆರಿಸಿ ಹೊತ್ತಿಸಿದ. ಯಂತ್ರ ಕಾಗದವನ್ನು ಬೆಣ್ಣೆಯಂತೆ ಕತ್ತರಿಸಿತು. "ನೋಡು, ಆಯ್ತಲ್ಲ! ಹಾಸಿ ಬಟ್ಟೆ."

"ಯಾಕೆ ಸರಿಹೋಯ್ತು ಅಂತ ಗೊತ್ತಾಗಿಲ್ಲ ಸಾರ್. ಅಂದ್ರೆ ಸರಿಹೋಗಿಲ್ಲ."

ಮಾಸ್ಟರ್ ತಲೆಯೆತ್ತಿ ನೋಡಿದಳು. ಅದೃಷ್ಟಕ್ಕೆ ಸರಿಯಾಗಿ ಕೂತ ಅಂಗಿಯ ತೋಳನ್ನೂ ಬಿಚ್ಚಿ ನೋಡುವ ತನ್ನಂಥವಳೇ ಇವಳೂ.

ಎರಡನೆಯ ಹಾಳೆಗೆ ಯಂತ್ರ ನಿಂತಿತು. ನಾದಿನಿಯ ಮುಖ ಅರಳಿತು.

ಸರ್ವರಿನ ಸಂದೇಶವನ್ನು ಯಂತ್ರಕ್ಕೆ ದಾಟಿಸುವ ನೆಟ್‌ವರ್ಕ್ ಸ್ವಿಚ್ ಪೆಟ್ಟಿಗೆ ಗೋಡೆಯ ಮೇಲಿತ್ತು; ಸರ್ವರಿನಿಂದ ಅದಕ್ಕೆ ಎರಡು ತಂತಿ ಹೋಗಿದ್ದವು. ಒಂದು ಕೈಕೊಟ್ಟರೆ ಇನ್ನೊಂದು ಹೊರಲಿ ಎಂದು ಎರಡನ್ನೂ ಜೋಡಿ ಮಾಡಿದ್ದರು. ನಾದಿನಿ ಒಂದನ್ನು ಕಿತ್ತಳು, ಯಂತ್ರ ಓಡಿತು. ಅದನ್ನು ಸಿಕ್ಕಿಸಿ ಇನ್ನೊಂದನ್ನು ಕಿತ್ತಳು, ಆಗಲೂ ಓಡಿತು. ಎರಡನ್ನೂ ಸಿಕ್ಕಿಸಿದರೆ ಸ್ವಲ್ಪ ಹೊತ್ತಿಗೆ ನಿಂತಿತು. ಅದನ್ನೇ ಮತ್ತೆ ಮತ್ತೆ ಮಾಡಿದಳು, ಆತುರವಿಲ್ಲದೆ, ಬೇಸರವಿಲ್ಲದೆ.

"ಬೇರೆ ಬೇರೆ ಇದ್ರೆ ಚಿನ್ನ, ಕೂಡಿದ್ರೆ ಕಚ್ಚಾಟ. ನಮ್ಮ ಅಣ್ಣತಮ್ಮಂದಿರ ಹಾಗೆ," ಎಂದ ಮಾಲೀಕ.

"ತಂತೀದೇನೂ ತಪ್ಪಿಲ್ಲ ಸಾರ್. ಇವೆರಡೂ ಒಂದೇ ಅಂತ ಸರ್ವರಿಗೆ ಹೇಳಿದಾರೆ, ಸ್ವಿಚ್ಚಿಗೆ ಯಾರೂ ಹೇಳೇ ಇಲ್ಲ. ಒಂದೇ ಮನೆಗೆ ಎರಡು ಬಾಗಿಲು ಅಂತ ತಿಳೀದೆ ಇರೋ ಅಂಚೆಯವನ ಥರ ಅದು ಅತ್ತ ಇತ್ತ ಅಲೀತಿದೆ."

ಲ್ಯಾಪ್‌ಟಾಪ್ ಜೋಡಿಸಿ ಸ್ವಿಚ್ಚಿಗೂ ಆ ಮಾತು ಹೇಳಿದಳು. ಮತ್ತೆ ಕಾಗದ. ಅಲಗು ಓಡುತ್ತಿರುವಾಗಲೇ ಒಂದು ತಂತಿಯನ್ನು ಫಕ್ಕನೆ ಎಳೆದಳು. ಮಾಸ್ಟರ್ ಮೇಜಿನ ಮೇಲೆ ಬಾಗಿ ಅಲಗನ್ನೇ ನೋಡಿದಳು. ಅಲಗು ನಿಲ್ಲಲಿಲ್ಲ. ಸಿಕ್ಕಿಸಿ, ಇನ್ನೊಂದನ್ನು ಎಳೆದಳು. ನಿಲ್ಲಲಿಲ್ಲ. ಎರಡನ್ನೂ ಸಿಕ್ಕಿಸಿದ ಮೇಲೆ ಕಾಗದದ ಸುರುಳಿ ಮುಗಿಯುವವರೆಗೂ ಓಡಿಸಿದಳು.

"ಬಟ್ಟೆ ಮೇಲೆ ನಿಂತ್ರೆ ಯಾರು ಹೊಣೆ?" ಮಾಲೀಕ ಕೇಳಿದ.

ನಾದಿನಿ ಬಾಯಿ ತೆರೆಯುವ ಮೊದಲೇ ಮಾಸ್ಟರ್, "ನಾನು," ಎಂದಳು.

ಮಖಮಲ್ಲನ್ನು ತಾನೇ ಹಾಸಿದಳು, ಸುಕ್ಕು ತೀಡಿದಳು, ಗುಂಡಿ ಒತ್ತಿದಳು. ಕೊನೆಯ ತುಂಡು ಬಿಡಿಸಿಕೊಂಡಾಗ ಅಂಚಿಗೆ ಅಂಚು ಕೂಡಿತ್ತು. ಮಾಲೀಕ ಕೈ ಚಾಚಿದ. ಮಾಸ್ಟರ್ ಅವನನ್ನು ದಾಟಿ ಹೋಗಿ ಆ ತುಂಡನ್ನು ನಾದಿನಿಯ ಕೈಗಿಟ್ಟಳು.

"ಮುಟ್ಟಿ ನೋಡೇ," ಎಂದಳು.